ಬೆಂಚಿನ ಎತ್ತರ

ಭಾನುವಾರ ಮಧ್ಯಾಹ್ನ ಬೇಕರಿಯ ಒಲೆ ಆರಿದ ಮೇಲೆ ಹಿಂದಿನ ಕೋಣೆಯಲ್ಲಿ ನಾಲ್ಕೈದು ಜನ ಸೇರುತ್ತಿದ್ದರು. ಮೈದಾ ಮೂಟೆಗಳನ್ನು ಗೋಡೆಗೆ ಒತ್ತರಿಸಿ, ಹಿಟ್ಟು ನಾದುವ ಉದ್ದನೆಯ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೇಕರಿ ಅಕ್ಕ ಸುತ್ತ ಕುರ್ಚಿ ಹಾಕುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಅಲ್ಲಿಗೆ ಬರುವವರ ನಡುವೆ ಬಂಧುತ್ವವಿರಲಿಲ್ಲ, ಹಳೆಯ ಪರಿಚಯವೂ ಇರಲಿಲ್ಲ. ಅವರ ಮಕ್ಕಳು ಅವರಿಗಿಂತ ಮೊದಲೇ ಹೊರಟುಹೋಗಿದ್ದರು, ಅಷ್ಟೇ ನಂಟು.

ಅಕ್ಕನ ಮಗಳು ಜ್ವರದಲ್ಲಿ ಹೋದಾಗ ಅವಳಿಗೆ ಆರು ವರ್ಷ. ಬೆಳಿಗ್ಗೆ ಕಣ್ಣುಬಿಟ್ಟಾಗ ಶುರುವಾದ ಮಾತು ನಿದ್ದೆ ಹತ್ತುವವರೆಗೆ ನಿಲ್ಲುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಅವಳು ಚಿನಕುರುಳಿ. ಅವಳು ಹೋದ ಮೇಲೆ ಗಿರಾಕಿಗಳು ಗಾಜಿನ ಪೆಟ್ಟಿಗೆಯ ಆಚೆ ನಿಂತು, "ನಿಮಗೇನು ವಯಸ್ಸಾಗಿಲ್ಲ ಬಿಡಿ, ಇನ್ನೊಂದಾಗತ್ತೆ" ಎಂದು ಸಮಾಧಾನ ಹೇಳುತ್ತಿದ್ದರು. ಒಂದು ಬನ್ನು ಸೀದುಹೋದರೆ ಇನ್ನೊಂದು ಹಾಕಿಕೊಂಡರಾಯಿತು ಎನ್ನುವ ಹಾಗೆ. ಅಕ್ಕ ಪೊಟ್ಟಣ ಕಟ್ಟಿಕೊಡುತ್ತಿದ್ದಳು. ಒಮ್ಮೆ ಆಸ್ಪತ್ರೆಯ ನರ್ಸಮ್ಮ ಬ್ರೆಡ್ಡಿಗೆಂದು ಬಂದವಳು ಆ ಮಾತು ಕೇಳಿಸಿಕೊಂಡಳು. ಗಿರಾಕಿ ಹೋಗುವವರೆಗೆ ಕಾದು ನಿಂತು, "ನಂಗೂ ಇದೇ ಹೇಳಿದ್ರು ಅಕ್ಕ" ಎಂದಳು. ಅವಳ ಕೂಸು ಹುಟ್ಟಿ ಒಂದು ಹಗಲು ಮಾತ್ರ ಬದುಕಿತ್ತು. ಅವತ್ತು ಇಬ್ಬರೂ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತರು. ಮುಂದಿನ ವಾರ ನರ್ಸಮ್ಮ ಬಸ್ ಡ್ರೈವರನ್ನು ಕರೆತಂದಳು; ಹತ್ತೊಂಬತ್ತು ವರ್ಷದ ಅವನ ಮಗ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದ. ಹೀಗೆ ಆ ಭಾನುವಾರಗಳು ಶುರುವಾದವು.

ಸ್ಮಾರಕದ ಮಾತು ಎತ್ತಿದವನು ಡ್ರೈವರ್. "ಸ್ಮಶಾನಕ್ಕೆ ಹೋದ್ರೆ ಅಳಲೇಬೇಕು, ಮನೇಲಿದ್ರೆ ಅಳಲೇಬಾರದು. ಇವೆರಡರ ಮಧ್ಯೆ ಒಂದು ಜಾಗ ಬೇಕು ಕಣಕ್ಕ, ಸುಮ್ನೆ ಕೂರೋಕೆ" ಎಂದ. ಮಾತು ಎಲ್ಲರ ಮನಸ್ಸಿಗೆ ನಾಟಿತು. ಪುರಸಭೆಗೆ ಅಲೆದಾಟ ಆಯಿತು, ಇವತ್ತು ಬನ್ನಿ ನಾಳೆ ಬನ್ನಿ ಎಲ್ಲ ಆಯಿತು. ಕೊನೆಗೆ ಪಾರ್ಕಿನ ಸಾಹೇಬರು ಉದ್ಯಾನದ ಹಿಂಬದಿಯ ಒಂದು ಮೂಲೆಯನ್ನು ಬಿಟ್ಟುಕೊಟ್ಟರು. ಅಲ್ಲಿ ಏನಿರಬೇಕೆಂದು ಅಕ್ಕ ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದಳು. ಪ್ರತಿಮೆ ಬೇಡ, ಕಂಬ ಬೇಡ. ದೊಡ್ಡವರಿಗೊಂದು ಕಲ್ಲಿನ ಬೆಂಚು, ಅದರ ಎದುರಿಗೆ ಮಕ್ಕಳ ಅಳತೆಗೆ ಗಿಡ್ಡ ಬೆಂಚೊಂದು. ಗಿಡ್ಡ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ಬೇಕರಿಯಲ್ಲಿ ಚಿನಕುರುಳಿ ಕೂರುತ್ತಿದ್ದ ಮಣೆಯಂಥ ಸ್ಟೂಲನ್ನು ಅಳೆದು, ಅಷ್ಟೇ ಎತ್ತರ ಎಂದು ಅವಳು ಕಾಗದದಲ್ಲಿ ಗೆರೆ ಎಳೆದಿದ್ದಳು. ಎಲ್ಲರೂ ಒಪ್ಪಿದ್ದರು.

ಒಂದು ಭಾನುವಾರ ಮುದುಕನೊಬ್ಬ ಬಾಗಿಲಲ್ಲಿ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನುಣ್ಣಗೆ ಬಾಚಿದ ಬೆಳ್ಳಿ ಕೂದಲು. ಊರಿನವರು ಅವನನ್ನು ಕತ್ತರಿ ತಾತ ಎನ್ನುತ್ತಿದ್ದರು. ಬಸ್ ನಿಲ್ದಾಣದ ಎದುರು ಕಟಿಂಗ್ ಶಾಪ್ ಇಟ್ಟುಕೊಂಡು ಎರಡು ತಲೆಮಾರಿನ ತಲೆಗಳನ್ನು ನೋಡಿಕೊಂಡವನು.

"ಇಲ್ಲಿ ಮಕ್ಕಳು ಹೋದೋರು ಸೇರ್ತಾರಂತಲ್ಲ, ನಾನೂ ಬರಬಹುದಾ?" ಎಂದು ಕೇಳಿದ.

ನರ್ಸಮ್ಮ ಎದ್ದು ಕುರ್ಚಿ ಕೊಟ್ಟಳು. ತಾತ ಕೂತು, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, "ನಮ್ಮ ಸಣ್ಣೋನು ಹೋಗ್ಬಿಟ್ಟ" ಎಂದ. "ಅವನ ತಲೆಗೂದಲು ಯಾವತ್ತೂ ಬೇರೆಯೋರು ಮುಟ್ಟಿದ್ದೇ ಇಲ್ಲ. ಆಸ್ಪತ್ರೇಲೂ ನಾನೇ ಕತ್ತರಿಸಿದೆ. ದಿಂಬಿನ ಮೇಲೆ ಬಿದ್ದಿದ್ದನ್ನ ಆರಿಸ್ಕೊಂಡೆ."

ಅಕ್ಕನಿಗೆ ಆಸ್ಪತ್ರೆಯ ದಿಂಬು, ಅದರ ಮೇಲೆ ಪುಟ್ಟ ತಲೆ, ಎಲ್ಲ ಕಣ್ಣಿಗೆ ಕಟ್ಟಿದಂತಾಯಿತು. ತಾತನ ಕೈ ಹಿಡಿದುಕೊಂಡು, "ಎಷ್ಟು ವರ್ಷ ಆಗಿತ್ತು ತಾತ ಮಗೂಗೆ?" ಎಂದಳು.

"ಐವತ್ತೆಂಟು."

ಕೋಣೆಯಲ್ಲಿ ಯಾರೋ "ಓ" ಎಂದರು. ಅಕ್ಕನ ಕೈ ತಾನಾಗಿಯೇ ಸಡಿಲವಾಯಿತು. ತಾತ ಅದನ್ನು ಗಮನಿಸಲಿಲ್ಲವೋ, ಗಮನಿಸಿಯೂ ಸುಮ್ಮನಿದ್ದನೋ. ಮೇಜಿನ ಮೇಲೆ ಬಿಡಿಸಿಟ್ಟಿದ್ದ ಚಿತ್ರವನ್ನು ಕನ್ನಡಕ ಏರಿಸಿಕೊಂಡು ನೋಡಿದ. ದೊಡ್ಡ ಬೆಂಚು ಯಾರಿಗೆ, ಗಿಡ್ಡದ್ದು ಯಾರಿಗೆ ಎಂದು ಕೇಳಿ ತಿಳಿದುಕೊಂಡ.

"ಚೆನ್ನಾಗಿದೆ. ಆದ್ರೆ ನಮ್ಮ ಸಣ್ಣೋನಿಗೆ ಇದರಲ್ಲಿ ಕೂರೋಕಾಗಲ್ಲ ತಾಯಿ. ಆರಡಿ ಆಳು. ಮಂಡಿ ಬಂದು ಗಲ್ಲಕ್ಕೆ ತಾಗತ್ತೆ" ಎಂದು ನಕ್ಕ. ಉಳಿದವರಲ್ಲೂ ಒಬ್ಬಿಬ್ಬರು ನಕ್ಕರು.

ಅಕ್ಕನಿಗೆ ಮಾತ್ರ ನಗು ಬರಲಿಲ್ಲ. "ಇದು ಮಕ್ಕಳಿಗೆ ಮಾಡ್ತಿರೋದು ತಾತ. ನಿಮ್ಮ ಮಗ ಮಗು ಅಲ್ಲ. ಅವರಿಗೆ ಮದುವೆ ಆಗಿತ್ತು, ಸಂಸಾರ ಇತ್ತು, ತಲೆ ಕೂಡ ಹಣ್ಣಾಗಿತ್ತೇನೋ" ಎಂದುಬಿಟ್ಟಳು.

"ಹಣ್ಣಾಗೋಕೆ ಕೂದಲೆಲ್ಲಿತ್ತು ತಾಯಿ, ಬೋಳಾಗಿತ್ತು. ಕಿವಿ ಹತ್ರ ನಾಲ್ಕೆಳೆ ಅಷ್ಟೇ" ಎಂದು ತಾತ ಮೆತ್ತಗೆ ಹೇಳಿದ. ಎದ್ದು, ಕುರ್ಚಿಯನ್ನು ಎಲ್ಲಿಂದ ಎಳೆದಿದ್ದರೋ ಅಲ್ಲಿಗೇ ಎತ್ತಿಟ್ಟು, "ಬರ್ತೀನಿ, ಕೆಲಸ ಚೆನ್ನಾಗಿ ಆಗಲಿ" ಎಂದು ಹೊರಟ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅಕ್ಕನಿಗೆ ಸಮಾಧಾನವಾಗುತ್ತಿತ್ತೇನೋ.

ತಾತ ಹೋದ ಮೇಲೆ ಡ್ರೈವರ್ ಟೋಪಿ ತಿರುಗಿಸುತ್ತ, "ನನ್ನ ಮಗನ ಮಂಡೀನೂ ತಾಗತ್ತೆ ಅಕ್ಕ" ಎಂದ.

"ಅಂದ್ರೆ?"

"ಅಷ್ಟು ಗಿಡ್ಡ ಬೆಂಚು. ಹತ್ತೊಂಬತ್ತು ವರ್ಷದೋನು ಹೇಗೆ ಕೂತಾನು? ನಾನು ಮೊದಲೇ ಹೇಳಬೇಕಿತ್ತು. ನೀವು ಅಷ್ಟು ಆಸೆಯಿಂದ ಅಳತೆ ತಂದಿದ್ರಿ, ಬಾಯಿ ಬರಲಿಲ್ಲ."

ಅಕ್ಕ ನರ್ಸಮ್ಮನ ಮುಖ ನೋಡಿದಳು. ಅವಳು ನೆಲ ನೋಡುತ್ತಿದ್ದಳು. ಒಂದು ಹಗಲಿನ ಕೂಸು ಯಾವ ಬೆಂಚಿನಲ್ಲೂ ಕೂರುವುದಿಲ್ಲ ಎಂಬುದು ಅಕ್ಕನಿಗೆ ಆಗ ಹೊಳೆಯಿತು. ಅಳತೆ ತೆಗೆದದ್ದು ಒಂದೇ ಮಗುವಿಗೆ. ಉಳಿದವರೆಲ್ಲ ಇಷ್ಟು ದಿನ ತಲೆಯಾಡಿಸಿದ್ದು ಅವಳ ಮೇಲಿನ ಮಮತೆಗೆ.

ಮನೆಗೆ ಹೋಗಿ ಗಂಡನ ಮುಂದೆ ಸಿಡಿದಳು. ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದವನು ಅವನು, ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಷ್ಟು ಮಿತಭಾಷಿ. ಆ ಭಾನುವಾರಗಳಿಗೆ ಒಮ್ಮೆಯೂ ಬಂದವನಲ್ಲ. "ಐವತ್ತೆಂಟು ವರ್ಷ ಸಿಕ್ಕಿದೆ ಅವರಿಗೆ! ನಮಗೆ ಸಿಕ್ಕಿದ್ದೆಷ್ಟು? ನಮ್ಮ ಸರಿಸಮಕ್ಕೆ ಬಂದು ಕೂರ್ತಾರಲ್ಲ" ಎಂದಳು. ಅವನು ಪಾತ್ರೆ ತೊಳೆಯುತ್ತಲೇ ಎಲ್ಲ ಕೇಳಿಸಿಕೊಂಡ. "ಅವರು ಲೆಕ್ಕ ಹೇಳೋಕೆ ಬಂದಿದ್ರಾ?" ಎಂದು ಒಂದು ಮಾತು ಕೇಳಿದ. ಅಕ್ಕ ಹೋಗಿ ಬಟ್ಟೆ ಮಡಿಸಲು ಕೂತಳು.

ಮಾರನೆಯ ದಿನ ಬೆಳಗಿನ ವ್ಯಾಪಾರ ಮುಗಿಯುತ್ತಿದ್ದಂತೆ, ಬಿಸಿ ಆರದ ಒಂದು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಕಟಿಂಗ್ ಶಾಪಿನ ಮೇಲೆಯೇ ಮನೆ. ತಾತನ ಸೊಸೆ ಕಿಟಕಿಯ ಹತ್ತಿರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಬಂದವಳು ಯಾರೆಂದು ತಿಳಿದ ಕೂಡಲೇ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ನಿನ್ನೆ ಮಾವ ಬಂದು ನಿಮ್ಮ ವಿಷಯಾನೇ ಹೇಳ್ತಿದ್ರು. ಪಾಪ, ಆ ಹುಡುಗಿಗೆ ನೋವಾಯ್ತು, ನಾನು ಹೋಗಬಾರದಿತ್ತು ಅಂತ."

ಅಕ್ಕನ ಕೈಯಲ್ಲಿ ಬ್ರೆಡ್ಡಿನ ಕಾಗದ ಮುದುಡಿಕೊಂಡಿತು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು ಸೊಸೆ. "ನಮ್ಮನೆಯವರು ಹೋದಾಗ ಊರಿಗೆ ಊರೇ ಬಂತು. ಎಲ್ಲಾ ನನ್ನ ಕೈ ಹಿಡ್ಕೊಂಡು ಅತ್ರು. ನಾನು ಹೆಂಡ್ತಿ ಅಲ್ವಾ. ಮಾವನಿಗೆ ಒಂದು ಕುರ್ಚಿ ಹಾಕಿದ್ರು. ತಾತನ ಮೇಲೆ ಬಿಸಿಲು ಬೀಳ್ತಿದೆ, ಕುರ್ಚಿ ಆ ಕಡೆ ಸರಿಸಿ ಅಂದ್ರು. ಅಷ್ಟೇ. ಮಗ ಹೋದ ಅಂತ ಅವರಿಗೆ ಯಾರೂ ಒಂದು ಮಾತು ಹೇಳ್ಲಿಲ್ಲ. ಹೇಳೋಕೆ ಬಂದೋರೂ ಮಗನ ವಯಸ್ಸು ಎಷ್ಟು ಅಂತ ಕೇಳಿ ಸುಮ್ಮನಾದ್ರು. ಕೆಳಗೆ ಶಾಪಲ್ಲಿದ್ದಾರೆ, ಹೋಗಿ."

ಗಿರಾಕಿಗಳು ಬರುವುದು ನಿಂತು ಎಷ್ಟೋ ಕಾಲವಾಗಿದ್ದರೂ ತಾತ ದಿನವೂ ಬಾಗಿಲು ತೆಗೆದು ಕನ್ನಡಿ ಒರೆಸುತ್ತಿದ್ದ. ಕನ್ನಡಿಯಲ್ಲೇ ಅಕ್ಕನನ್ನು ನೋಡಿ, "ಬಾ ತಾಯಿ" ಎಂದ. ದೊಡ್ಡ ತಿರುಗುಕುರ್ಚಿಯ ತೋಳುಗಳ ಮೇಲೆ ಸವೆದು ನುಣುಪಾದ ಹಲಗೆಯೊಂದು ಅಡ್ಡ ಇತ್ತು. ಚಿಕ್ಕ ಮಕ್ಕಳನ್ನು ಎತ್ತಿ ಕೂರಿಸುವ ಹಲಗೆ. ತಾತ ಅದನ್ನು ತೆಗೆದು ಗೋಡೆಗೆ ಒರಗಿಸಿ, ಕುರ್ಚಿಯಲ್ಲಿ ಅವಳನ್ನು ಕೂರಿಸಿದ. ತಾನು ಗಿರಾಕಿಗಳು ಕಾಯುವ ಬೆಂಚಿನಲ್ಲಿ ಕೂತ.

ಕ್ಷಮಿಸಿ ಎಂದು ಹೇಳಲು ಬಂದವಳಿಗೆ ಆ ಮಾತೇ ಬಾಯಿಗೆ ಬರಲಿಲ್ಲ. "ನಿಮಗೆ ಐವತ್ತೆಂಟು ವರ್ಷ ಸಿಕ್ತು ತಾತ" ಎಂದಳು. ನಿನ್ನೆಯ ಸಿಟ್ಟು ಆ ಮಾತಿನಲ್ಲಿರಲಿಲ್ಲ. ಆಸೆಗಣ್ಣಿನವರು ಹೇಳುವ ಹಾಗೆ ಹೇಳಿದಳು.

"ಸಿಕ್ತು. ಅದಕ್ಕೇ ನಿಮ್ಮ ಮುಂದೆ ಕೂರೋಕೆ ನಾಚಿಕೆ ಆಯ್ತು. ಆದ್ರೆ ಏನ್ ಗೊತ್ತಾ ತಾಯಿ, ಅವತ್ತು ಹೋಗಿದ್ದು ಐವತ್ತೆಂಟು ವರ್ಷದೋನು ಒಬ್ನೇ ಅಲ್ಲ. ಹಲ್ಲಿಲ್ಲದ ಪುಟ್ಟೋನು, ಮೀಸೆ ಚಿಗುರಿದೋನು, ಮದುವೆ ಗಂಡು, ಎಲ್ಲಾರೂ ಒಟ್ಟಿಗೇ ಎದ್ದು ಹೋದ್ರು. ಮನೆ ಖಾಲಿ ಖಾಲಿ."

ಅಕ್ಕ ಕುರ್ಚಿಯ ತೋಳನ್ನು ಸವರುತ್ತ ಕೂತಳು. ಯಾರನ್ನೂ ಇಲ್ಲಿಯವರೆಗೆ ಕೇಳದ ಒಂದು ಮಾತನ್ನು ಕೇಳಿದಳು: "ಏಳು ವರ್ಷಕ್ಕೆ ಹೇಗಿರ್ತಾರೆ ತಾತ?"

ತಾತ ಅವಳ ಮುಖ ನೋಡಿದ. ಅವಳು ಯಾಕೆ ಕೇಳುತ್ತಿದ್ದಾಳೆಂದು ಅರ್ಥವಾಯಿತು. ಅವಸರ ಮಾಡದೆ, ನೆನೆಸಿಕೊಂಡು ನೆನೆಸಿಕೊಂಡು ಹೇಳಿದ.

"ಏಳಕ್ಕೆ ಮುಂದಿನ ಹಲ್ಲು ಇರಲ್ಲ. ಕನ್ನಡಿ ಮುಂದೆ ಕೂರಿಸಿದ್ರೆ ಕೂದಲು ನೋಡ್ಕೊಳ್ಳಲ್ಲ, ಬಾಯಿ ತೆಗ್ದು ಹಲ್ಲಿನ ಸಂದೀನೇ ನೋಡ್ಕೊಳ್ಳೋದು. ಎಂಟಕ್ಕೆ ಹಲಗೆ ಬೇಡ ಅಂತ ಜಗಳ. ನಾನು ದೊಡ್ಡೋನು, ಹಾಗೇ ಕೂರ್ತೀನಿ ಅಂತ. ಕತ್ತು ಎಟಕಲ್ಲ ಕಣೋ ಅಂದ್ರೆ ಕೇಳಬೇಕಲ್ಲ. ನಾನೇ ಸೊಂಟ ಬಗ್ಗಿಸ್ಕೊಂಡು ಕತ್ತರಿಸ್ತಿದ್ದೆ. ಒಂಬತ್ತಕ್ಕೆ ಸುಳ್ಳು ಹೇಳೋದು ಕಲಿತ. ಸ್ಕೂಲಿಗೆ ಅಂತ ಹೋಗಿ ಹೊಳೇಲಿ ಈಜಿ ಬರ್ತಿದ್ದ, ಒದ್ದೆ ತಲೆ ನನ್ನ ಕೈಗೆ ಗೊತ್ತಾಗಲ್ವಾ?"

"ಹತ್ತಕ್ಕೆ?"

"ಹತ್ತಕ್ಕೆ ನಾಚಿಕೆ ಬಂತು. ಅಪ್ಪ ಕಟಿಂಗ್ ಮಾಡೋನು ಅಂತ ಗೆಳೆಯರ ಹತ್ರ ಹೇಳ್ಕೊಳ್ತಿರಲಿಲ್ಲ. ನಂಗೆ ಗೊತ್ತಾಯ್ತು, ಸುಮ್ನಿದ್ದೆ."

"ಹನ್ನೊಂದಕ್ಕೆ?"

"ಹನ್ನೊಂದಕ್ಕೆ ಒಂದು ದಿನ ತಾನಾಗೇ ಬಂದು, ಪೊರಕೆ ತಗೊಂಡು ಇಲ್ಲಿ ಬಿದ್ದಿದ್ದ ಕೂದಲೆಲ್ಲ ಗುಡಿಸಿದ. ಗೆಳೆಯರು ಹೊರಗೆ ನಿಂತು ನೋಡ್ತಿದ್ರು. ಯಾಕೋ ಅಂತ ನಾನೂ ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ." ತಾತ ತಡೆದು, "ಹೆಣ್ಣುಮಕ್ಕಳು ಬೇರೆ ಥರ ಇರ್ತಾರೇನೋ ತಾಯಿ, ನಂಗೆ ಅನುಭವ ಇಲ್ಲ" ಎಂದ.

ಅಕ್ಕ ಅಳುತ್ತಿದ್ದಳು. ಕನ್ನಡಿ ಎದುರಿಗೇ ಇದ್ದುದರಿಂದ ಮುಖ ಮುಚ್ಚಿಕೊಳ್ಳಲು ದಾರಿಯಿರಲಿಲ್ಲ. ಐದು ವರ್ಷಗಳಿಂದ ಅವಳ ಮಗಳು ಆರರಲ್ಲೇ ನಿಂತುಬಿಟ್ಟಿದ್ದಳು. ಮುಂದಿನ ದಾರಿಯನ್ನು ಯಾರಾದರೂ ನಡೆದು ತೋರಿಸಬೇಕಿತ್ತೆಂದು ಅವಳಿಗೇ ತಿಳಿದಿರಲಿಲ್ಲ. ಹೊರಡುವಾಗ, "ಭಾನುವಾರ ಬನ್ನಿ ತಾತ" ಎಂದಳು. "ಮನೆಗೆ ಹೋಗಿ ಯೋಚನೆ ಮಾಡಿ ಕರಿ" ಎಂದ ತಾತ. "ಯೋಚನೆ ಮಾಡಿದ್ರೆ ಕರೆಯಲ್ಲ, ಈಗಲೇ ಕರೀತಿದ್ದೀನಿ" ಎಂದಳು. ತಾತ ನಕ್ಕು ಬ್ರೆಡ್ಡನ್ನು ಮೂಸಿ ನೋಡಿದ.

ಆ ಭಾನುವಾರ ತಾತನ ಮುಂದೆಯೇ ಗಿಡ್ಡ ಬೆಂಚು ಬೇಡವೆಂದು ಅವಳೇ ಹೇಳಿದಳು. ದೊಡ್ಡದೊಂದೇ ಸಾಕೆಂದು ತೀರ್ಮಾನವಾಗಿ, ಜಾಗ ತೋರಿಸಲು ಎಲ್ಲರೂ ಮೇಸ್ತ್ರಿಯೊಂದಿಗೆ ಪಾರ್ಕಿಗೆ ಹೋದರು. ಮೇಸ್ತ್ರಿ ಗೂಟ ಹೊಡೆದು ದಾರ ಎಳೆದು, ತಲೆ ಕೆರೆದುಕೊಂಡ.

"ಸಾಹೇಬ್ರು ಒಳ್ಳೇ ಜಾಗ ಕೊಟ್ಟಿದ್ದಾರೆ ಕಣ್ರೀ ನಿಮಗೆ. ನೆಲ ನೋಡಿ, ಜಾರುಬಂಡೆ ಇದ್ದ ಹಾಗಿದೆ. ಈ ಕಡೆ ಅಗೆದು, ಆ ಕಡೆ ಮಣ್ಣು ತುಂಬಿ ಮಟ್ಟ ಮಾಡದೆ ಬೆಂಚು ಕೂರಲ್ಲ. ಒಂದು ವಾರ ಹೋಗತ್ತೆ ಅದಕ್ಕೇ."

ಅಕ್ಕ ದಾರವನ್ನೇ ನೋಡುತ್ತಿದ್ದಳು. ಮಟ್ಟ ನೋಡಲು ಎಳೆದ ದಾರ ನೇರವಾಗಿ ನಿಂತಿತ್ತು. ನೆಲ ಮಾತ್ರ ಅದರ ಕೆಳಗೆ ಮೆಲ್ಲಗೆ ಇಳಿಯುತ್ತ ಹೋಗಿತ್ತು. ಮೇಲಿನ ತುದಿಯಲ್ಲಿ ದಾರ ಹುಲ್ಲಿಗೆ ತಾಗಿತ್ತು. ಕೆಳಗಿನ ತುದಿಯಲ್ಲಿ ಅವಳ ಮಂಡಿಗಿಂತ ಮೇಲಿತ್ತು. ಅವಳು ಮೇಲಿನಿಂದ ಕೆಳಕ್ಕೆ ದಾರದ ಪಕ್ಕದಲ್ಲೇ ನಡೆದಳು, ಮತ್ತೆ ಕೆಳಗಿನಿಂದ ಮೇಲಕ್ಕೆ ಬಂದಳು.

"ಮಟ್ಟ ಮಾಡಬೇಡಿ" ಎಂದಳು.

"ಏನಂದ್ರಿ?"

"ನೆಲ ಹೇಗಿದ್ಯೋ ಹಾಗೇ ಇರಲಿ. ಕಲ್ಲು ಮಾತ್ರ ಈ ದಾರದ ಹಾಗೆ ನೇರ ಇರಲಿ. ಉದ್ದಕ್ಕೆ ಒಂದೇ ಬೆಂಚು. ಇಲ್ಲಿ ಚಿಕ್ಕೋರ ಕಾಲು ನೆಲ ಮುಟ್ಟತ್ತೆ, ಅಲ್ಲಿ ದೊಡ್ಡೋರದ್ದು."

ಡ್ರೈವರ್ ದಡದಡನೆ ಕೆಳಗಿನ ತುದಿಗೆ ಹೋಗಿ, ಕಣ್ಣಿಗೆ ಕಾಣದ ಬೆಂಚಿನಲ್ಲಿ ಕೂರುವವನಂತೆ ಮಂಡಿ ಬಗ್ಗಿಸಿ ನೋಡಿದ. ತಾತ ಅವನಿಗಿಂತ ಇನ್ನಷ್ಟು ಆಚೆ ನಿಂತು, "ನಮ್ಮೋನಿಗೆ ಇಲ್ಲಿ" ಎಂದು ಊರುಗೋಲಿನಿಂದ ನೆಲ ಕುಟ್ಟಿದ. ನರ್ಸಮ್ಮ ಮಾತ್ರ ಮೇಲಿನ ತುದಿಯಲ್ಲಿ, ದಾರ ಹುಲ್ಲಿಗೆ ತಾಗುವಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯನ್ನು ನೆಲದ ಮೇಲೆ ಚಾಚಿ ಇಟ್ಟಿದ್ದಳು. "ಇಲ್ಲಿ ಮಲಗಿಸಬಹುದು" ಎಂದಳು. ಮೇಸ್ತ್ರಿ ಗುದ್ದಲಿಯನ್ನು ಬದಿಗಿಟ್ಟ.

ಕಲ್ಲಿನ ಮೇಲೆ ಏನು ಬರೆಸುವುದು ಎಂಬ ಜಿಜ್ಞಾಸೆ ಆಮೇಲೆ ಎದ್ದಿತು. ಸಾಹೇಬರು 'ಅಕಾಲಿಕವಾಗಿ ಅಗಲಿದ ಪುಟ್ಟ ಚೇತನಗಳ ಸ್ಮರಣಾರ್ಥ' ಎಂದು ತಾವೇ ಬರೆದು ಕಳಿಸಿದ್ದರು. ತಾತ ಓದಿ, "ನಮ್ಮ ಸಣ್ಣೋನು ಇದನ್ನ ಓದಿದ್ರೆ ಯಾರ ಬಗ್ಗೆ ಅಂತ ಕೇಳ್ತಿದ್ದ" ಎಂದ. ಹೆಸರುಗಳನ್ನು ಹಾಕೋಣವೆಂದರೆ, ಮುಂದೆ ಬರುವವರ ಮಕ್ಕಳಿಗೆ ಜಾಗವೆಲ್ಲಿ? ಮಾತು ಎಳೆದಾಡುತ್ತಿರುವಾಗ ಡ್ರೈವರ್, "ನಾನು ಡ್ಯೂಟಿ ಮುಗಿಸಿ ಬಂದ ಕೂಡಲೇ ಇನ್ನೊಂದು ಕೆಲಸ ಹಿಡ್ಕೊಂಡು ಓಡಾಡ್ತಿದ್ದೆ. ನನ್ನ ಮಗ ಯಾವಾಗಲೂ, ಅಪ್ಪಾ, ಸ್ವಲ್ಪ ಹೊತ್ತು ಕೂತ್ಕೊ ಅಂತಿದ್ದ. ನಾನು ಕೂರ್ಲೇ ಇಲ್ಲ" ಎಂದ. ಅಲ್ಲಿಗೆ ಮಾತು ಮುಗಿಯಿತು. 'ಅಮ್ಮಾ, ಅಪ್ಪಾ, ಸ್ವಲ್ಪ ಹೊತ್ತು ಕೂತ್ಕೊಳ್ಳಿ' ಎಂದು ಬರೆಸುವುದೆಂದು ಗೊತ್ತಾಯಿತು. ಸರ್ಕಾರಿ ಜಾಗದಲ್ಲಿ ಆಡುಮಾತು ಸರಿಯಲ್ಲ, 'ಕುಳಿತುಕೊಳ್ಳಿ' ಎಂದಿರಲಿ ಎಂದು ಸಾಹೇಬರು ಹಟ ಹಿಡಿದರು. "ಯಾವ ಮಗು ಸಾರ್ ಹಾಗೆ ಮಾತಾಡತ್ತೆ?" ಎಂದು ನರ್ಸಮ್ಮ ಕೇಳಿದ್ದಕ್ಕೆ ಅವರು ಪೆನ್ನಿನ ಮುಚ್ಚಳ ಹಾಕಿ, ಆಗಲಿ ಎಂದರು.

ಬೆಂಚು ಆಯಿತು. ಭಾಷಣ, ರಿಬ್ಬನ್ನು ಏನೂ ಇರಲಿಲ್ಲ. ಗಾರೆ ಒಣಗಿದ ಮೇಲೆ ಮೇಸ್ತ್ರಿ ಸುತ್ತಲಿನ ಹಗ್ಗ ಬಿಚ್ಚಿಕೊಂಡು ಹೋದ. ಜನ ಒಬ್ಬೊಬ್ಬರೇ ಬರತೊಡಗಿದರು. ಅಕ್ಕ ಒಮ್ಮೆಯೂ ನೋಡಿರದ ಮುಖಗಳು ಎಲ್ಲೆಲ್ಲಿಂದಲೋ ಬಂದು, ಬರಹ ಓದಿ, ಅತ್ತಿತ್ತ ನೋಡಿ, ತಮಗೆ ಬೇಕಾದ ಎತ್ತರ ಹುಡುಕಿಕೊಂಡು ಕೂರುತ್ತಿದ್ದರು. ಅಕ್ಕನ ಜಾಗ ಮೇಲಿನ ತುದಿಗೆ ಹತ್ತಿರ, ಆ ಸ್ಟೂಲಿನ ಎತ್ತರಕ್ಕೆ ಸರಿಯಾಗಿ. ಅಲ್ಲಿ ಕೂತರೆ ಅವಳ ಮಂಡಿ ಎದೆಗೆ ಬರುತ್ತಿತ್ತು. ಅವಳಿಗೆ ಅದರಿಂದ ತೊಂದರೆಯಿರಲಿಲ್ಲ.

ಒಂದು ಸಂಜೆ ಹಾಗೆ ಕೂತಿದ್ದಾಗ ಗಂಡ ಬಂದ. ಬರುತ್ತೇನೆಂದು ಹೇಳಿರಲಿಲ್ಲ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಏಪ್ರನ್ ಕೂಡ ಬಿಚ್ಚದೆ ಬಂದಿದ್ದ. ಕಲ್ಲಿನ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಒಂದೊಂದಾಗಿ ಸವರಿದ. ಪಕ್ಕದಲ್ಲಿ ಕೂರುತ್ತಾನೆಂದು ಅಕ್ಕ ಸ್ವಲ್ಪ ಸರಿದಳು. ಅವನು ಅವಳನ್ನು ದಾಟಿ ಕೆಳಗೆ ನಡೆದು, ಕಾಲಿನಿಂದ ಎತ್ತರ ನೋಡಿ ನೋಡಿ, ಬೆಂಚಿನ ನಡುವಿನಲ್ಲೆಲ್ಲೋ ಕೂತ.

"ಅಷ್ಟು ದೂರ ಯಾಕೆ ಕೂತ್ರಿ?" ಎಂದಳು ಅಕ್ಕ.

"ನೀನೇ ಬಾ ಇಲ್ಲಿಗೆ" ಎಂದ. "ಅವಳಿಗೆ ಈಗ ಹನ್ನೊಂದು."

ಅಕ್ಕ ಬಹಳ ಹೊತ್ತು ಏಳಲಿಲ್ಲ. ಅವನು ಮತ್ತೆ ಕರೆಯಲಿಲ್ಲ, ಅವಸರಿಸಲೂ ಇಲ್ಲ. ಈ ಮನುಷ್ಯ ತನ್ನ ಪಾಡಿಗೆ ತಾನು ವರ್ಷ ವರ್ಷವೂ ಮಗಳನ್ನು ಬೆಳೆಸಿಕೊಂಡು ಬಂದಿದ್ದಾನೆ, ತನಗೊಂದು ಮಾತು ಹೇಳದೆ, ಎಂದುಕೊಂಡಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತಳು. ಕಾಲು ನೆಲಕ್ಕೆ ಹಗುರವಾಗಿ ತಾಗಿತು.

"ಹನ್ನೊಂದಕ್ಕೆ ನಮ್ಮ ಮಾತು ಕೇಳ್ತಿದ್ಳಾ?" ಎಂದಳು.

"ಆರಕ್ಕೇ ಕೇಳ್ತಿರಲಿಲ್ಲ."

ಇಬ್ಬರಿಗೂ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದ ಹಾಗೆ. ಕೆಳಗಿನ ತುದಿಯಲ್ಲಿ ಕೂತಿದ್ದ ಅಪರಿಚಿತ ಹೆಂಗಸೊಬ್ಬಳು ತಿರುಗಿ ನೋಡಿ, ತಾನೂ ಕೊಂಚ ನಕ್ಕಳು.

"ಹಿಟ್ಟು ಉಬ್ಬಿ ಪಾತ್ರೆಯಿಂದ ಹೊರಗೆ ಬಂದಿರತ್ತೆ, ಏಳ್ರಿ" ಎಂದಳು ಅಕ್ಕ.

"ಬರಲಿ ಬಿಡು" ಎಂದು ಅವನು ಕಾಲು ನೀಡಿಕೊಂಡ.